ಜೋಗವನ್ನು ಅಳಿಸಿದ ಕರಿಯಣ್ಣ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಅಂಗಡಿಗಳ ಬಾಗಿಲು ಇನ್ನೂ ತೆರೆದಿಲ್ಲ. ಜವಳಿ ಅಂಗಡಿಯ ಮೇಲಿನ ಫೋಟೋ ಸ್ಟುಡಿಯೋದಲ್ಲಿ ಮಾತ್ರ ಕರಿಯಣ್ಣ ಆಗಲೇ ಕುಕ್ಕರುಗಾಲಿನಲ್ಲಿ ಕೂತು ಬಿಳಿ ಬಣ್ಣ ಕಲಸುತ್ತಿದ್ದಾರೆ. ಭದ್ರಾವತಿಯಿಂದ ಮೊದಲ ರೈಲಿಗೆ ಬಂದವರು. ಸೂರಿನ ಗಾಜಿನ ಹೆಂಚಿನಿಂದ ಬೆಳಕು ಇಳಿಯುವವರೆಗೆ ಅವರು ಕುಂಚ ಮುಟ್ಟುವುದಿಲ್ಲ. "ದೀಪದಲ್ಲಿ ಬಣ್ಣ ಸುಳ್ಳು ಹೇಳುತ್ತೆ ಸ್ವಾಮಿ," ಎಂದು ಅವರನ್ನು ಕಾಣಲು ಹೋದ ನಮಗೆ ಹೇಳುತ್ತಾರೆ.

ಈ ಊರಿನ ಎಷ್ಟೋ ಮನೆಗಳ ಗೋಡೆಯ ಮೇಲೆ ಕರಿಯಣ್ಣನವರ ಕೆಲಸವಿದೆ. ಮದುವೆಯ ಫೋಟೋದಲ್ಲಿ ಗಂಡುಹೆಣ್ಣಿನ ಹಿಂದೆ ಕಾಣುವ ಜೋಗದ ಜಲಪಾತ, ತಾವರೆಕೆರೆ, ತೆಂಗಿನ ಸಾಲು ಎಲ್ಲ ಇವರು ಬರೆದ ಪರದೆಗಳೇ. ಫೋಟೋದ ಕೆಳಗೆ ಸ್ಟುಡಿಯೋದ ಹೆಸರಿರುತ್ತದೆ, ಇವರದಿರುವುದಿಲ್ಲ. ತಂದೆ ಸುಣ್ಣ ಬಳಿಯುತ್ತಿದ್ದವರು. ಇವರು ನಾಟಕ ಕಂಪನಿಯೊಂದರಲ್ಲಿ ಪರದೆ ಬರೆಯಲು ಕಲಿತು, ಕಂಪನಿ ಮುಚ್ಚಿದ ಮೇಲೆ ಇಲ್ಲಿಗೆ ಬಂದರು. ನೆರೆಹೊರೆಯವರೆಲ್ಲ ಭದ್ರಾವತಿಯ ಕಾರ್ಖಾನೆ ಸೇರಿದಾಗಲೂ ಇವರು ಸೇರಲಿಲ್ಲ. ತುಂಗೆಯ ದಡದಲ್ಲಿ ಕೂತು ಒಂದೊಂದು ಎಲೆಯನ್ನೂ ನೋಡಿ ಬರೆಯುವ ಹಟ. ಆ ಹಟಕ್ಕೆ ಮನೆಮಂದಿಯೂ ಹೊಟ್ಟೆ ಕಟ್ಟಿದ್ದಾರೆ.

ದಾರಿ ತಿರುಗಿದ್ದು ಒಂದು ಎಡವಟ್ಟಿನಿಂದ. ಏಕೀಕರಣವಾದ ವರ್ಷ ಹೊಸ ಜೋಡಿಯೊಂದನ್ನು ಜೋಗದ ಪರದೆಯ ಮುಂದೆ ನಿಲ್ಲಿಸಿದ್ದರು. ಫೋಟೋ ತೊಳೆದು ನೋಡಿದರೆ ಜಲಪಾತ ನೇರ ಮದುಮಗನ ನೆತ್ತಿಯ ಮೇಲೆ.

"ಹೆಣಕ್ಕೆ ನೀರು ಹೊಯ್ದ ಹಾಗಿದೆಯಲ್ಲೋ ಅಂತ ಹುಡುಗನ ತಾಯಿ ಅತ್ತುಬಿಟ್ರು. ಅವತ್ತೇ ನೀರು ಅಳಿಸಿದೆ. ಆಮೇಲೆ ಒಬ್ಬ ಮೇಷ್ಟ್ರ ತಲೆ ಮೇಲೆ ತೆಂಗಿನಮರ ಬೆಳೀತು, ಅದನ್ನೂ ಅಳಿಸಿದೆ. ಅಳಿಸ್ತಾ ಅಳಿಸ್ತಾ ಬರೀ ಬಣ್ಣ ಉಳೀತು. ಮೊದಲು ಭಯ ಆಯ್ತು. ಆಮೇಲೆ, ನಾನು ಇಷ್ಟು ವರ್ಷ ಬರೀಬೇಕು ಅಂತಿದ್ದಿದ್ದು ಇದನ್ನೇ ಅನ್ನಿಸ್ತು."

ಗೋಡೆಗೆ ತೂಗುಬಿಟ್ಟ ಆ ಪರದೆಯಲ್ಲಿ ಮರವಿಲ್ಲ, ನೀರಿಲ್ಲ, ಆಕಾಶವೆಂಬುದೂ ಇಲ್ಲ. ಒಂದೆಡೆ ದಟ್ಟ ಕೆಮ್ಮಣ್ಣು, ಅದರೊಳಕ್ಕೆ ಇಳಿಯುವ ಬೂದಿ, ನಡುವೆಲ್ಲೋ ಸ್ವಲ್ಪ ಹಳದಿ. ನಮಗೆ ಅರ್ಥವಾಗಲಿಲ್ಲವೆಂದು ಹೇಳಲು ನಾಚಿಕೆಯಿಲ್ಲ. ಆದರೆ ಅದರ ಮುಂದಿನಿಂದ ಕದಲಲೂ ಮನಸ್ಸಾಗಲಿಲ್ಲ.

ಗಿರಾಕಿಗಳ ಮಾತೇ ಬೇರೆ. ಸ್ಟುಡಿಯೋದ ಮಾಲೀಕ ಹಿರಿಯಣ್ಣನವರು ಕೆಟ್ಟವರೇನಲ್ಲ. "ಕೈ ಚೆನ್ನಾಗಿದೆ ಮಾರಾಯ್ರೆ, ಇಲ್ಲ ಅನ್ನಲ್ಲ. ಬಂದೋರು ಜೋಗ ಎಲ್ಲಿ ಅಂತಾರೆ. ಇದರ ಮುಂದೆ ಒಬ್ರೂ ನಿಲ್ಲಲ್ಲ," ಎನ್ನುತ್ತಾರೆ. ಹಾಗಾಗಿ ಈ ದಿನ ಪರದೆಗೆ ಬಿಳಿ ಬಳಿದು ಮತ್ತೆ ಜೋಗವನ್ನೇ ಬರೆಯಬೇಕು. ಬೋಗುಣಿಯಲ್ಲಿ ಕರಿಯಣ್ಣ ಕಲಸುತ್ತಿರುವುದು ಆ ಬಿಳಿಯನ್ನೇ.

"ಬಳೀತೀನಿ, ಅನ್ನ ಕೊಡೋ ಕೆಲಸ. ಅದಕ್ಕೆ ಮುಂಚೆ ಒಬ್ರಾದ್ರೂ ಇದರ ಮುಂದೆ ನಿಂತು ಫೋಟೋ ತೆಗೆಸ್ಕೊಂಡಿದ್ರೆ ಸಾಕಿತ್ತು."

ಬಜಾರಿನ ಕೆಲಸಕ್ಕೆಂದು ಜೊತೆಯಲ್ಲಿ ಬಂದಿರುವ ಪತ್ನಿ ಕಾಳಮ್ಮ ಮೂಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಾರೆ. "ಊರೋರನ್ನೆಲ್ಲ ನಿಮ್ಮ ಪರದೆ ಮುಂದೆ ನಿಲ್ಸಿದ್ರಿ. ನನ್ನ ಒಂದಿನ ಕರೀಲಿಲ್ಲ," ಎನ್ನುತ್ತ ಎದ್ದು, ಸೆರಗು ಸರಿಮಾಡಿಕೊಂಡು ಪರದೆಯ ಮುಂದೆ ನಿಲ್ಲುತ್ತಾರೆ.

ಹಿರಿಯಣ್ಣನವರು ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ತೂರಿಸುತ್ತಾರೆ. ಕರಿಯಣ್ಣನ ಕೈತುಂಬ ಬಿಳಿ. ಹೆಂಡತಿಯನ್ನು ಬಹಳ ಹೊತ್ತು ನೋಡಿ, ನಮ್ಮ ಕಡೆ ತಿರುಗುತ್ತಾರೆ.

"ನೋಡಿ ಸ್ವಾಮಿ, ಇವಳ ತಲೆ ಮೇಲೆ ಏನೂ ಬಿದ್ದಿಲ್ಲ."