ಹೆಡೆಯಿದ್ದ ಹುಳು

ಒಂದು ಹುಳುವಿನ ಮುಂದೆ ಕೈಮುಗಿದು ನಿಂತವಳು ನಾನು. ಮಧುಗಿರಿಯ ನಮ್ಮ ಹಿತ್ತಲಲ್ಲಿ, ಕಂಕುಳಲ್ಲಿ ಉಪ್ಪಿನ ಡಬ್ಬಿ ಅವುಚಿಕೊಂಡೇ.

ನರ್ಸರಿಯಿಂದ ತಂದ ಗುಲಾಬಿಯ ಬುಡದ ಮಣ್ಣಲ್ಲಿ ಅದು ಬಂದಿರಬೇಕು. ಕಂದು ದಾರದಂಥ ಮೈ, ಬೆನ್ನಿಗೊಂದು ಕಪ್ಪು ಗೆರೆ, ತಲೆ ಮಾತ್ರ ಅಗಲ. ಕನಕಾಂಬರದ ಪಾತಿಯಲ್ಲಿ ಎರೆಹುಳುವೊಂದನ್ನು ಸುತ್ತಿಕೊಂಡಿತ್ತು. ಏನೋ ಅಕ್ಕರೆ ಅಂದುಕೊಂಡೆ. ನೋಡುತ್ತಿದ್ದಂತೆ ಎರೆಹುಳು ಅರ್ಧ ಕರಗಿತ್ತು.

ಎರೆಹುಳು ರೈತನ ಮಿತ್ರ ಎಂದು ಕಾನ್ವೆಂಟಿನಲ್ಲಿ ಸಿಸ್ಟರ್ ದುಂಡಗೆ ಬರೆಸಿದ್ದರು. ಮಿತ್ರನನ್ನೇ ತಿನ್ನುವವರ ಪಾಠ ಇರಲಿಲ್ಲ. ಮೊಬೈಲು ಹೇಳಿತು: ಹೊರದೇಶದ ಹುಳು, ಕತ್ತರಿಸಿದರೆ ತುಂಡು ತುಂಡೂ ಬದುಕುತ್ತದೆ, ಕಡ್ಡಿಯಲ್ಲಿ ಎತ್ತಿ ಡಬ್ಬಿಗೆ ಹಾಕಿ ಉಪ್ಪು ಸುರಿಯಬೇಕು.

ಆ ಪಾತಿ ನಮ್ಮತ್ತೆಯದು. ಕಣ್ಣು ಮಂಜಾದರೂ ಬೆರಳಲ್ಲೇ ಹುಡುಕಿ ಹೂ ಕಟ್ಟುತ್ತಾರೆ. ಹೆರಿಗೆಗೆ ಬಂದಿದ್ದ ನನ್ನ ಮಗಳಿಗೆ ಹುಟ್ಟುವ ಕೂಸಿನ ತೊಟ್ಟಿಲಿಗೆ ಅದೇ ಪಾತಿಯ ಹೂವಾಗಬೇಕೆಂದು ಅವರ ಹಟ. ನಾನು ಉಪ್ಪು ತಂದಾಗ ಮೂಗು ಮಣ್ಣಿಗೆ ತಾಗುವಷ್ಟು ಬಗ್ಗಿ ನೋಡಿ ಬೆಚ್ಚಿದರು.

"ಹೆಡೆ ಐತಲ್ಲೇ! ನಾಗಪ್ಪನ ಮರಿ ಕಣಮ್ಮ. ಮನೇಲಿ ಬಸುರಿ ಅವ್ಳೆ, ಮುಟ್ಟಬ್ಯಾಡ, ಬುಡು."

"ಹುಳ ಅತ್ತೆ ಅದು. ಮೊಬೈಲಲ್ಲಿ ಐತೆ."

"ನಿನ್ ಮೊಬೈಲು ಬಾಣಂತನ ಮಾಡ್ತದಾ?"

ನಗು ಬಂತು. ಅಷ್ಟರಲ್ಲಿ ಒಳಗೆ ಮಗಳು ಕೆಮ್ಮಿದಳು. ಅಷ್ಟೇ, ಸಿಸ್ಟರು, ಮೊಬೈಲು ಎಲ್ಲ ಎಲ್ಲಿ ಹೋದರೋ, ನನ್ನ ಕೈ ತಾನಾಗಿ ಮುಗಿದುಕೊಂಡಿತು.

ಆಮೇಲೆ ದಿನಾ ನೋಡಿದೆ. ಒಂದಿದ್ದದ್ದು ಎಷ್ಟೋ ಆಯಿತು. ಎರೆಹುಳುಗಳು ಬೆಳಿಗ್ಗೆ ಕಕ್ಕುತ್ತಿದ್ದ ಮಣ್ಣಿನ ಸಣ್ಣ ಗುಪ್ಪೆಗಳು ಕಡಿಮೆಯಾದವು, ಆಮೇಲೆ ಇಲ್ಲವಾದವು. ಹಾಕಿದ ನೀರು ಇಂಗದೆ ಮೇಲೇ ನಿಂತು ಆಕಾಶ ತೋರಿಸುತ್ತಿತ್ತು. ಕನಕಾಂಬರ ಬುಡದಿಂದ ಕಪ್ಪಾಗುತ್ತ ಬಂತು. ಬಸುರಿಯ ಮುಂದೆ ಸತ್ತ ಗಿಡದ ಮಾತೆತ್ತಬಾರದೆಂದು ಅತ್ತೆಯೂ ನಾನೂ ಸುಮ್ಮನಿದ್ದೆವು.

ಮೊಮ್ಮಗಳು ಹುಟ್ಟಿದಳು, ಸುಖವಾಗಿ. ಸುದ್ದಿ ಕೇಳಿ ಅತ್ತೆ ದೇವರಿಗೆ ದೀಪ ಹಚ್ಚಿದರು. ಹಚ್ಚಿ, ಹಿಂದಕ್ಕೂ ತಿರುಗದೆ ಅಂದರು: "ನಾಗಪ್ಪ ಕಾಪಾಡ್ದ. ಇನ್ನು ಉಪ್ಪು ತತ್ತಾ."

ಆಯ್ದು ಆಯ್ದು ಡಬ್ಬಿಗೆ ಹಾಕಿ ಉಪ್ಪು ಸುರಿದೆ. ಅವು ಮುದುರಿ ಲೋಳೆಯಾದವು. ಪಾತಿ ಅಗೆದರೆ ಒಂದೇ ಒಂದು ಎರೆಹುಳು ಇಲ್ಲ. ಅತ್ತೆ ಹೆಂಟೆಯೊಂದನ್ನು ಹಿಸುಕಿದರು, ಪುಡಿಯಾಗಲಿಲ್ಲ. ತೊಟ್ಟಿಲಿಗೆ ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಹೂವೇ ಆಯಿತು. ಅತ್ತೆ ಅದನ್ನು ಮುಟ್ಟಲೂ ಇಲ್ಲ.

ಮರುದಿನ ನೋಡುತ್ತೇನೆ, ತಡವಿಕೊಂಡು ಹೋಗಿ ಆ ಬರಿ ಪಾತಿಗೆ ಕಾಫಿಚರಟ, ತರಕಾರಿ ಸಿಪ್ಪೆ ಸುರಿಯುತ್ತಿದ್ದಾರೆ, ಎರೆಹುಳುಗಳಿಗೆ ಯಾವಾಗಲೂ ಹಾಕುತ್ತಿದ್ದ ಹಾಗೆ.

"ಯಾರಿಗತ್ತೆ? ಯಾರೂ ಇಲ್ವಲ್ಲ."

"ನಾಳೆ ಬಂದೋರು ಉಪವಾಸ ಇರ್ಬೇಕೇನೆ?" ಅಂದರು, ಸಿಪ್ಪೆಯ ಮೇಲೆ ಮಣ್ಣೆಳೆಯುತ್ತ.