ಅಕ್ಕೋರ ಅಂಗಳದ ಗೌರಿಹೂವು

ನಿನ್ನೆ ನಮ್ಮ ಮನೆಯೆದುರು ಇಂಟರ್‌ಲಾಕ್ ಕಲ್ಲಿನ ಲಾರಿ ಬಂದು ನಿಂತಿತು. ಕಲ್ಲು ಇಳಿಸಿ, ಪಕ್ಕದಲ್ಲಿ ಜಲ್ಲಿಪುಡಿಯನ್ನೂ ಸುರಿದು ಹೋದರು. ಸಂಜೆ ನಾಲ್ಕು ಹನಿ ಬಿತ್ತು ನೋಡಿ, ಆ ಪುಡಿಯಿಂದೆದ್ದ ವಾಸನೆಗೆ ಕೈಯಲ್ಲಿದ್ದ ಚಹದ ಲೋಟವನ್ನು ಹಾಗೇ ಕೆಳಗಿಟ್ಟುಬಿಟ್ಟೆ. ಬೇರೆಯವರಿಗೆ ಅದು ಹೊಸ ಮನೆಯ ವಾಸನೆ. ನನಗೆ ಮಾತ್ರ ಆಚೆಮನೆಯ ಅಕ್ಕೋರ ಅಂಗೈ ನೆನಪಾಗುತ್ತದೆ. ಆ ಅಂಗೈಯ ಮೇಲಿದ್ದ ಬಿಳಿ ಮೊಳಕೆ...

ನಾವು ಇಸಳೂರಿಗೆ ಬಂದಾಗ ಬೇಲಿಯಾಚೆ ಇದ್ದದ್ದು ಅವರದೊಂದೇ ಮನೆ. ಕಾನಸೂರಿನ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಟೀಚರಮ್ಮನಿಗೆ ನಮ್ಮ ಕಡೆ ಅಕ್ಕೋರು ಅನ್ನುವುದು ರೂಢಿ, ನಾನೂ ಹಾಗೇ ಕರೆದೆ. ಗಂಡ ಹೆಂಡತಿ ಇಬ್ಬರೇ ಇದ್ದರು. ಗಿಡ ಅಂದರೆ ನರ್ಸರಿಯಿಂದ ತರುವುದು ಅಂತ ನಾನು ತಿಳಿದಿದ್ದ ಕಾಲ ಅದು. ನನ್ನ ಬಣ್ಣಬಣ್ಣದ ಕ್ರೋಟನ್ ಕುಂಡಗಳನ್ನು ಬೇಲಿಯ ಮೇಲಿಂದ ನೋಡಿ, “ಎಂತದೇ ತಂಗಿ ಇದು, ಪೇಂಟ್ ಹೊಡೆದಿದ್ಯಾ?” ಎಂದು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಮರುದಿನ ಅವರೇ ಒಂದೆಲಗ, ಕನ್ನೆಕುಡಿ, ಒಂದು ಸುರಗಿ ಸಸಿ ತಂದು ನೆಟ್ಟುಕೊಟ್ಟರು. ಅಂಗಳದಲ್ಲೇ ಕೊಯ್ದ ಸೊಪ್ಪಿನ ತಂಬುಳಿ ಉಂಡ ಮೇಲೆ ಸಿಟ್ಟು ಎಲ್ಲಿ ಉಳಿಯಬೇಕು!

ಅವರ ಅಂಗಳದಲ್ಲಿದ್ದದ್ದೆಲ್ಲ ಇಲ್ಲಿನ ಗುಡ್ಡ-ಕಾಡಿನ ಗಿಡಗಳೇ. ಯಾವುದು ಕೇಳಿದರೂ ಇಲ್ಲ ಅಂದವರಲ್ಲ, ಗೌರಿಹೂವೊಂದನ್ನು ಬಿಟ್ಟು. ಚೌತಿಯ ಹೊತ್ತಿಗೆ ಬೇಲಿಗಳಲ್ಲಿ ಹಬ್ಬಿ, ಕೆಂಪು ಹಳದಿ ಎಸಳುಗಳನ್ನು ಮೇಲಕ್ಕೆತ್ತಿ ಅರಳುತ್ತದಲ್ಲ, ಅದು. “ಬಾಕಿ ಎಂತ ಬೇಕಾರೂ ತಗಂಡು ಹೋಗು, ಅದೊಂದು ಕೇಳಡ” ಅಂದುಬಿಟ್ಟಿದ್ದರು.

ಯಾಕೆಂದು ಅವರ ಯಜಮಾನರು ಹೇಳಿದರು. ಆ ಗೆಡ್ಡೆಯನ್ನು ಕಾನಸೂರಿನ ಶಾಲೆಯ ಹಿಂದಿನ ಗುಡ್ಡದಿಂದ ಅಗೆದು ತಂದವಳು ಅವರ ಒಬ್ಬಳೇ ಮಗಳು. ಅದೇ ವರ್ಷ ಜ್ವರ ಬಂದು ಆ ಹುಡುಗಿ ಹೋಗಿಬಿಟ್ಟಳಂತೆ. ಇಸಳೂರಿಗೆ ಬರುವಾಗ ಅಕ್ಕೋರು ಸಾಮಾನನ್ನೆಲ್ಲ ಲಾರಿಗೆ ಹಾಕಿಸಿ, ಗೆಡ್ಡೆಯನ್ನು ಮಾತ್ರ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದರಂತೆ.

ಬೇಸಿಗೆಯಲ್ಲಿ ಆ ಗಿಡ ಇರುವ ಸುಳಿವೇ ಇರುವುದಿಲ್ಲ. ಬಳ್ಳಿ ಒಣಗಿ ಹೋಗಿ, ಗೆಡ್ಡೆ ಮಣ್ಣೊಳಗೆ ಮಲಗಿರುತ್ತದೆ. ಮಳೆ ಬಿದ್ದು ಮೊಳಕೆ ಕಂಡ ದಿನ ಅಕ್ಕೋರು ಬೇಲಿಯ ಹತ್ತಿರ ಓಡಿಬಂದು, “ಬಂತೇ ತಂಗಿ, ಬಂತು!” ಎಂದು ಕೂಗುತ್ತಿದ್ದರು. ಆ ದನಿಗೆ ನನಗೆ ಪ್ರತಿ ಸಲ ಮೈ ಜುಂ ಅನ್ನುತ್ತಿತ್ತು. ಗಿಡ ಬಂದದ್ದಕ್ಕೆ ಯಾರಾದರೂ ಹಾಗೆ ಕೂಗುತ್ತಾರೆಯೇ?

ಗೌರಿಹೂವಿನ ಗೆಡ್ಡೆಗೆ ಎರಡು ಕವಲು. ಹಳೆಯದು ಸತ್ತು, ಕವಲಿನ ತುದಿಯಲ್ಲಿ ಹೊಸ ಗೆಡ್ಡೆ ಕಟ್ಟುತ್ತದೆ. ಹಾಗಾಗಿ ಮುಂದಿನ ಮಳೆಗೆ ಗಿಡ ಹಳೆಯ ಜಾಗದಲ್ಲಿ ಏಳದೆ ಗೇಣು ಆಚೆ ಏಳುತ್ತದೆ. ಬಾವಿಕಟ್ಟೆಯ ಹತ್ತಿರ ನೆಟ್ಟಿದ್ದು ವರ್ಷವರ್ಷವೂ ಅಡಿಗೆಮನೆಯತ್ತ ಸರಿಯುತ್ತ ಬಂದಿತ್ತು. “ಇನ್ನೊಂದೆರಡು ಮಳೆಗಾಲ ಹೋದ್ರೆ ಮೆಟ್ಲಿಗೆ ಬತ್ತು” ಎನ್ನುವಾಗ ಅಕ್ಕೋರ ಮುಖ ನೋಡಬೇಕಿತ್ತು ನೀವು. ಆಸರೆಯ ಕಂಬ ಮಾತ್ರ ಬಾವಿಕಟ್ಟೆಯ ಹತ್ತಿರವೇ ಇತ್ತು. ಗಿಡ ದೂರವಾದ ಹಾಗೆ ಅವರು ಕಂಬದವರೆಗೆ ಬಾಳೆನಾರು ಕಟ್ಟಿ ಬಳ್ಳಿ ಹಬ್ಬಿಸುತ್ತಿದ್ದರು. ಹೂವೆಲ್ಲ ಕಂಬದ ತಲೆಯಲ್ಲಿ ಅರಳುತ್ತಿತ್ತು.

ಒಂದು ಮಳೆಗಾಲದ ಕೊನೆಯಲ್ಲಿ ಅಕ್ಕೋರು ಪಾಚಿಯ ಮೇಲೆ ಜಾರಿಬಿದ್ದು ಸೊಂಟ ಮುರಿದುಕೊಂಡರು. ಆಪರೇಷನ್ ಆದಮೇಲೆ ಯಲ್ಲಾಪುರದ ತಂಗಿಯ ಮನೆಯಲ್ಲಿದ್ದು, ಬೇಸಿಗೆ ಮುಗಿಯುತ್ತ ಬಂದಾಗ ಕೋಲೂರಿಕೊಂಡು ಮರಳಿದರು. ಅಷ್ಟರೊಳಗೆ ಯಜಮಾನರು ಇಡೀ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿಬಿಟ್ಟಿದ್ದರು! ಹೆಂಡತಿ ಇನ್ನೊಮ್ಮೆ ಜಾರಬಾರದು ಅಂತ. ಗಿಡವನ್ನು ಮರೆತಿರಲಿಲ್ಲ ಪಾಪ. ಕಂಬದ ಸುತ್ತ ದುಂಡಗೆ ಮಣ್ಣು ಬಿಡಿಸಿ, ಅಂಚಿಗೆ ಕೆಂಪು ಕಲ್ಲು ಕೂರಿಸಿದ್ದರು.

“ಗಿಡಕ್ಕೆ ಜಾಗ ಬಿಡ್ಸಿದ್ದಿ ನೋಡು” ಎಂದು ಎಷ್ಟು ಖುಷಿಯಿಂದ ತೋರಿಸಿದರು!

ಅಕ್ಕೋರು ಆ ಮಣ್ಣನ್ನು ನೋಡಿದರು. ಆಮೇಲೆ ಅಡಿಗೆಮನೆಯ ಕಡೆಗಿನ ಕಲ್ಲುಹಾಸನ್ನು ನೋಡಿದರು. “ಅದು ಇಲ್ಲಿಲ್ಲೆ” ಅಂದರು, ಅಷ್ಟೇ.

ಯಜಮಾನರು ಹೂವು ನೋಡಿದವರು, ಬುಡ ನೋಡಿದವರಲ್ಲ. ಕಲ್ಲು ಕಿತ್ತುಹಾಕುತ್ತೇನೆ ಎಂದು ಆಗಲೇ ಎದ್ದರು. ಅಕ್ಕೋರು ಬಿಡಲಿಲ್ಲ. ಮಲಗಿದ ಗೆಡ್ಡೆಗೆ ಹಾರೆ ತಾಗಿದರೆ ಮುಗಿಯಿತು, ಮೊಳಕೆ ಬಂದರೆ ಕಲ್ಲಿನ ಸಂದಿಯಲ್ಲಿ ಕಂಡೇ ಕಾಣುತ್ತದೆ, ಆಗ ಎಬ್ಬಿಸಿದರಾಯಿತು ಅಂದರು. ಮಳೆ ಹಿಡಿಯಿತು. ಇಬ್ಬರೂ ಮೆಟ್ಟಿಲ ಮೇಲೆ ಕೂತು ಸಂದಿಗಳನ್ನು ಕಾಯುತ್ತಿದ್ದುದು ನಮ್ಮ ಕಿಟಕಿಗೆ ಕಾಣುತ್ತಿತ್ತು. ನನಗಂತೂ ಆ ವರ್ಷ ಕಿಟಕಿಯ ಹತ್ತಿರ ಹೋಗಲಿಕ್ಕೇ ಹೆದರಿಕೆ. ಊರಿನ ಬೇಲಿಗಳಲ್ಲೆಲ್ಲ ಗೌರಿಹೂವು ಅರಳಿತು, ಅವರ ಅಂಗಳದಲ್ಲಿ ಇಲ್ಲ. ಚೌತಿ ಕಳೆದ ಮೇಲೆ ಅಕ್ಕೋರೇ ನನ್ನನ್ನು ಕರೆದು, “ಎಬ್ಸಿ ನೋಡ್ವ” ಅಂದರು.

ಯಜಮಾನರು ಹಾರೆಯಿಂದ ಕಲ್ಲು ಮೀಟಿದರು, ನಾನು ಎತ್ತಿ ಬದಿಗಿಟ್ಟೆ. ಒದ್ದೆ ಜಲ್ಲಿಪುಡಿಯ ವಾಸನೆ ಮೂಗಿಗೆ ಹೊಡೆಯಿತು. ಅದರ ಅಡಿಯಲ್ಲಿ ಮೊಳಕೆ ಸಿಕ್ಕಿತು. ಮೇಲೆ ಬರಲು ದಾರಿಯಿಲ್ಲದೆ, ಕಲ್ಲಿನ ಕೆಳಗೆ ಅಡ್ಡಡ್ಡ ಹರಿದು, ನೂಲಿನ ಹಾಗೆ ಬೆಳ್ಳಗೆ, ಮೊಳದುದ್ದ ಬೆಳೆದಿತ್ತು. ಅಡಿಗೆಮನೆಯ ಮೆಟ್ಟಿಲಿನ ಹತ್ತಿರ ತುದಿ ಕೊಳೆತು, ಬುಡದ ಗೆಡ್ಡೆಯೂ ಸತ್ತುಹೋಗಿತ್ತು.

ಅಕ್ಕೋರು ಅದನ್ನು ಅಂಗೈ ಮೇಲಿಟ್ಟುಕೊಂಡರು. “ಇಷ್ಟು ದೂರ ಬಂದಿತ್ತು” ಅಂದರು. ಯಜಮಾನರು ಹಾರೆ ಕೆಳಗಿಟ್ಟು ಮಗುವಿನ ಹಾಗೆ ಅತ್ತರು. ಇನ್ನೊಂದು ಕವಲು ಇದ್ದೇ ಇರುತ್ತದೆ, ಅದು ನಮ್ಮ ಬೇಲಿಯತ್ತ ಸರಿದಿರಬಹುದು, ಅಲ್ಲಿ ಅಗೆದು ನೋಡೋಣ ಅಂದದ್ದು ನಾನೇ. “ಬ್ಯಾಡ. ಇದ್ರೆ ಅಲ್ಲೇ ಇರ್ಲಿ. ಅದರ ಪಾಡಿಗೆ ಬರ್ಲಿ” ಅಂದರು ಅಕ್ಕೋರು.

ಮುಂದಿನ ಮಳೆಗಾಲಕ್ಕೆ ಅಕ್ಕೋರೇ ಇರಲಿಲ್ಲ. ಯಜಮಾನರು ಮನೆ ಮಾರಿ ಸಿದ್ದಾಪುರದ ತಮ್ಮನ ಮನೆ ಸೇರಿದರು. ಬಂದವರು ಕಲ್ಲುಗಳನ್ನು ಮತ್ತೆ ಕೂರಿಸಿ ಅದರ ಮೇಲೆ ಕಾರು ನಿಲ್ಲಿಸಿದ್ದಾರೆ. ಅವರದೇನು ತಪ್ಪು?

ಈಗ ನಮ್ಮ ಅಂಗಳದ ಸರದಿ. ಮಳೆ ಹಿಡಿದು ಒಂದು ತಿಂಗಳಾಗುವವರೆಗೆ ಬೇಲಿಯ ಬದಿಗೆ ಒಂದು ಕಲ್ಲನ್ನೂ ಇಡಬೇಡಿ ಅಂದಿದ್ದೇನೆ. ಮಳೆಯಲ್ಲಿ ಯಾರು ಕೆಲಸಕ್ಕೆ ಬರುತ್ತಾರೆ ಎಂದು ನಮ್ಮವರು ರೇಗಿದರು. ರೇಗಲಿ. ಇಷ್ಟು ವರ್ಷದ ಮೇಲೆ ಆ ಕವಲು ಬದುಕಿದ್ದು, ಬೇಲಿ ದಾಟಿ ನಮ್ಮ ಕಡೆ ಬರುತ್ತದೆಯೇ, ನನಗೆ ತಲೆಕೆಟ್ಟಿದೆ ಅಂತ ನನಗೇ ಗೊತ್ತು. ಆದರೂ ಇವತ್ತು ಬೆಳಗ್ಗೆ ಕೊಡೆ ಹಿಡಿದು ಬೇಲಿಯ ಬುಡವನ್ನೆಲ್ಲ ಬಗ್ಗಿ ನೋಡಿ ಬಂದೆ. ನಾಳೆಯೂ ಹೋಗುತ್ತೇನೆ... ಒಂದು ವೇಳೆ ಬಂದೇಬಿಟ್ಟಿತು ಅನ್ನಿ, “ಅಕ್ಕೋರೇ, ಬಂತು!” ಎಂದು ಬೇಲಿಯ ಮೇಲಿಂದ ಕೂಗಿದರೆ ಓಗೊಡಲು ಆಚೆಮನೆಯಲ್ಲಿ ಯಾರಿದ್ದಾರೆ?