ಅವಲಕ್ಕಿ ಸರದ ಮೊಕದ್ದಮೆ

ಮದುವೆಗೆ ಮುಂಚೆಯೇ ನಾನು ಮೈಸೂರಿನಲ್ಲಿ ಕಾನೂನು ಓದಿ ಮುಗಿಸಿದ್ದೆ. ಈ ಮಾತನ್ನು ದೆಹಲಿಯಲ್ಲಿ ಯಾರಿಗಾದರೂ ಹೇಳಿದರೆ “ಅಚ್ಛಾ, ಹೌದಾ?” ಎಂದು ಹುಬ್ಬೇರಿಸಿ, ಮರುಗಳಿಗೆಯಲ್ಲೇ ನಿಮ್ಮ ಸಾರಿನ ಪುಡಿಗೆ ಮೆಂತ್ಯ ಎಷ್ಟು ಹಾಕುತ್ತೀರಿ ಎಂದು ಕೇಳುತ್ತಿದ್ದರು. ನನಗೆ ಮೊದಲೇ ಕೋಪ ಮೂಗಿನ ತುದಿಯಲ್ಲಿ. ಆದರೆ ಸಾರಿನ ಪುಡಿಯೂ ನನ್ನದೇ ಆದ್ದರಿಂದ ಸುಮ್ಮನೆ ಅಳತೆ ಹೇಳಿ ಕಳಿಸುತ್ತಿದ್ದೆ.

ನಮ್ಮದು ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸು. ಗಂಡ ಮಂತ್ರಾಲಯವೊಂದರಲ್ಲಿ ಸೆಕ್ಷನ್ ಆಫೀಸರ್. ಜೊತೆಗೆ ಅತ್ತೆ, ಮತ್ತು ಹಿಂದಿಯಲ್ಲಿ ಯೋಚಿಸಿ ಕನ್ನಡದಲ್ಲಿ ಊಟ ಕೇಳುವ ಮಗಳು. ಮಗಳು ಹನ್ನೊಂದನೇ ಕ್ಲಾಸಿಗೆ ಬಂದ ವರ್ಷ, ಇನ್ನು ಇವಳ ಬೆನ್ನ ಹಿಂದೆ ಓಡುವ ಕೆಲಸವಿಲ್ಲ ಎಂದು ಧೈರ್ಯ ಮಾಡಿ, ಒಂದು ರಾತ್ರಿ ಊಟದ ಹೊತ್ತಿಗೆ ವಿಷಯ ಎತ್ತಿದೆ. ವಕೀಲಳಾಗಿ ಹೆಸರು ನೋಂದಾಯಿಸಿಕೊಳ್ಳುತ್ತೇನೆ, ಕೋರ್ಟಿಗೆ ಹೋಗುತ್ತೇನೆ ಎಂದೆ.

ಗಂಡ ನಕ್ಕರು. ಕೆಟ್ಟ ನಗುವೇನಲ್ಲ, ಆದರೆ ಕೆಟ್ಟ ನಗುವಾಗಿದ್ದರೆ ತಡೆದುಕೊಳ್ಳುವುದು ಸುಲಭವಿತ್ತು.

“ಕೋರ್ಟಲ್ಲಿ ಬೇಕಾಗೋದು ಲಾಜಿಕ್ಕು ಕಣೇ. ಅಡುಗೆಮನೇಲಿ ನನ್ನನ್ನ ಸೋಲಿಸ್ದಂಗಲ್ಲ.”

ನಾನು ಸಾರಿನ ಸೌಟನ್ನು ಪಾತ್ರೆಗೆ ಬಿಟ್ಟ ರಭಸಕ್ಕೆ ಮಗಳು ತಟ್ಟೆ ಎತ್ತಿಕೊಂಡು ಹಿಂದೆ ಸರಿದಳು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅವರೇ ಒಂದು ಪಂಥ ಒಡ್ಡಿದರು. ಸಂಕ್ರಾಂತಿಯ ಭಾನುವಾರ ನಮ್ಮ ಕನ್ನಡಿಗರ ಕೂಟದಲ್ಲಿ ಪ್ರತಿವರ್ಷ ಅಣಕು ನ್ಯಾಯಾಲಯ ನಡೆಯುತ್ತಿತ್ತು. ಜನಕಪುರಿಯಲ್ಲಿದ್ದ ನಿವೃತ್ತ ಕಾನೂನು ಅಧಿಕಾರಿಯೊಬ್ಬರು ಒಂದು ಕಾಲ್ಪನಿಕ ಮೊಕದ್ದಮೆ ಬರೆದು, ಕಾಗದಗಳನ್ನು ಎರಡೂ ಕಡೆಗೆ ಕಳಿಸಿ, ಅಂದು ತಾವೇ ನ್ಯಾಯಾಧೀಶರಾಗಿ ಕೂರುತ್ತಿದ್ದರು. ಸರ್ಕಾರಿ ವಕೀಲ ಯಾವಾಗಲೂ ನನ್ನ ಗಂಡ, ಗೆಲ್ಲುವವರೂ ಅವರೇ. ಆರೋಪಿಯ ಪರ ನಿಲ್ಲುತ್ತಿದ್ದವರಿಗೆ ಆ ವರ್ಷ ವರ್ಗವಾಗಿ ಜಾಗ ಖಾಲಿಯಿತ್ತು. ಅಲ್ಲಿ ತಮ್ಮೆದುರು ನಿಂತು ನಾನು ಗೆದ್ದರೆ ತಾವೇ ರಜ ಹಾಕಿ ಕರೆದುಕೊಂಡು ಹೋಗಿ ಹೆಸರು ಬರೆಸುತ್ತೇನೆ, ಸೋತರೆ ಕೋರ್ಟಿನ ಮಾತು ಈ ಮನೆಯಲ್ಲಿ ಮತ್ತೆ ಎತ್ತಬಾರದು ಎಂದರು. ನಾನು ಒಪ್ಪಿಕೊಂಡೆ. ಆಟ ಅವರಿಗೆ, ನನಗೆ ಉಳಿದ ಆಯಸ್ಸು.

ಕಾಗದಗಳು ಬಂದವು. ಮೊಕದ್ದಮೆ ಹೀಗಿತ್ತು. ದೆಹಲಿಯ ಯಾವುದೋ ಕಾಲೋನಿಯಲ್ಲಿ ಒಂದು ಕನ್ನಡ ಸಂಸಾರ. ವರಮಹಾಲಕ್ಷ್ಮಿ ಹಬ್ಬದ ಶುಕ್ರವಾರ ಮನೆಯೊಡತಿ ಕಲಶ ಕೂರಿಸಿ, ದೇವಿಯ ಕೊರಳಿಗೆ ತನ್ನ ಚಿನ್ನದ ಅವಲಕ್ಕಿ ಸರ ಹಾಕಿ ಪೂಜೆ ಮಾಡುತ್ತಾಳೆ. ಆಮೇಲೆ ಸರವನ್ನು ತೆಗೆದು ಬೀರುವಿನಲ್ಲಿಟ್ಟು, ಬೀಗದ ಕೈಯನ್ನು ಗೂಡಿನಲ್ಲಿ ಇಡುತ್ತಾಳೆ. ಆ ಗೂಡು ಮನೆಯವರನ್ನು ಬಿಟ್ಟರೆ ಗೊತ್ತಿದ್ದದ್ದು ಕೆಲಸದ ಹುಡುಗಿಗೆ ಮಾತ್ರ. ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ಆ ಹುಡುಗಿ ಒಂದು ಗಂಟು ಹಿಡಿದು ಗೇಟು ದಾಟಿದ್ದನ್ನು ಚೌಕಿದಾರ ನೋಡಿದ್ದಾನೆ. ಅವಳು ನೇರ ರೈಲು ಹತ್ತಿ ಬಿಹಾರದ ತನ್ನ ಊರಿಗೆ ಹೋಗಿದ್ದಾಳೆ. ಭಾನುವಾರ ಬೀರು ತೆಗೆದರೆ ಸರ ಇಲ್ಲ. ವಾರ ಕಳೆದು ಅವಳು ಹಿಂತಿರುಗಿದಾಗ ಪೊಲೀಸರು ಹಿಡಿಯುತ್ತಾರೆ. ಗಂಟಿನಲ್ಲಿದ್ದದ್ದು ಹಳೇ ಸೀರೆ ಎಂದು ಅವಳು ಹೇಳಿದರೆ ಯಾರೂ ನಂಬುವುದಿಲ್ಲ.

ನಿಯಮ ಒಂದೇ. ಕಾಗದದಲ್ಲಿ ಇರುವುದನ್ನು ಸಾಕ್ಷಿ ಅಲ್ಲಗಳೆಯಬಾರದು. ಇಲ್ಲದ್ದನ್ನು ಕೇಳಿದರೆ ಪಾತ್ರಕ್ಕೆ ತಕ್ಕ ಉತ್ತರ ಕೊಡಬಹುದು.

ಆರೋಪಿಯ ಪಾತ್ರಕ್ಕೆ ನನ್ನ ಮಗಳನ್ನು ಆರಿಸಿದ್ದರು. ಫಿರ್ಯಾದಿ ಮನೆಯೊಡತಿಯ ಪಾತ್ರವನ್ನು ಅತ್ತೆ ಕೇಳಿ ಪಡೆದಿದ್ದರು. ತುಮಕೂರಿನಲ್ಲಿ ಚಿಕ್ಕವರಿದ್ದಾಗ ನಾಟಕ ಕಟ್ಟಿದವರು ಅವರು, ಅವಕಾಶ ಬಿಡುತ್ತಾರೆಯೇ? ಅಂದಿನಿಂದ ತಾಯಿ ಮಗ ಮುಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಗುಸುಗುಸು. ನಾನು ಕಾಫಿ ತೆಗೆದುಕೊಂಡು ಹೋದರೆ ಇಬ್ಬರೂ ಬಾಯಿಗೆ ಬೀಗ. ಮಗಳು ಮಾತ್ರ ಅಡುಗೆಮನೆಗೆ ಬಂದು, “ಅಮ್ಮಾ, ಪಪ್ಪಾ ಕಾ ಕೇಸ್ ತುಂಬಾ ಸ್ಟ್ರಾಂಗ್ ಇದೆ. ನಾನು ಪಕ್ಕಾ ಜೈಲಿಗೆ” ಎಂದಳು. ಅವಳ ಅನುಮಾನ ನನಗೂ ಇತ್ತು.

ಗಂಡನ ಕೆಲಸದ ರೀತಿ ನನಗೆ ಗೊತ್ತು. ಆಫೀಸಿನ ಫೈಲಿನ ಹಾಗೆ ಪ್ರತಿ ಸಂಗತಿಗೂ ಒಂದು ಚೀಟಿ ಅಂಟಿಸಿ, ಒಂದರ ಮೇಲೊಂದು ಪೇರಿಸಿ, ಮೇಲಿನವರು ಸಹಿ ಹಾಕದೆ ವಿಧಿಯಿಲ್ಲ ಎನ್ನುವಂತೆ ಮಾಡುವವರು ಅವರು. ಹಾಗೆ ಪೇರಿಸಿದ್ದನ್ನು ಮೇಲಿಂದ ತಳ್ಳಿದರೆ ಪ್ರಯೋಜನವಿಲ್ಲ, ತಳದಲ್ಲಿ ಒಂದು ಚೀಟಿ ಸಡಿಲವಿದೆಯೇ ಎಂದು ನೋಡಬೇಕು. ಬೀಗದ ಕೈ ಗಟ್ಟಿ, ಗೂಡು ಗಟ್ಟಿ, ಚೌಕಿದಾರ ಗಟ್ಟಿ. ಸಂಕ್ರಾಂತಿಯ ಎಳ್ಳಿಗೆ ಕೊಬ್ಬರಿ ಹೆಚ್ಚುತ್ತಾ ಕೂತಿದ್ದಾಗ, ಮನೆಯೊಡತಿಯ ಹೇಳಿಕೆಯನ್ನು ಮನಸ್ಸಿನಲ್ಲೇ ಮತ್ತೆ ತಿರುವಿದೆ. ಸರ ತೆಗೆದು ಬೀರುವಿನಲ್ಲಿಟ್ಟೆ ಎಂದಿದ್ದಾಳೆ, ಸರಿ. ಯಾವಾಗ ತೆಗೆದೆ ಎಂದು ಎಲ್ಲೂ ಹೇಳಿಲ್ಲ.

ಕತ್ತಿ ಕೆಳಗಿಟ್ಟೆ. ಬರೆದವರೂ ಗಂಡಸು, ವಾದಿಸುವವರೂ ಗಂಡಸು. ಗಂಡಸರಿಗೆ ಶುಕ್ರವಾರ ಒಬ್ಬಟ್ಟಿನ ಊಟವಾಗಿ ಕೈ ತೊಳೆದರೆ ಹಬ್ಬ ಮುಗಿಯಿತು. ಶನಿವಾರ ಕಚೇರಿಗೆ ರಜ, ನನ್ನ ಗಂಡ ಕಣ್ಣು ಬಿಡುವ ಹೊತ್ತಿಗೆ ಕಲಶ ಕದಲಿಸಿ, ಅದರ ನೀರನ್ನು ಮನೆಯೆಲ್ಲ ಪ್ರೋಕ್ಷಿಸಿ, ಅಕ್ಕಿಯನ್ನು ಪಾಯಸಕ್ಕೆ ತೆಗೆದಿಟ್ಟಾಗಿರುತ್ತದೆ. ಅಲ್ಲಿಯವರೆಗೆ ದೇವಿಯ ಮೈಮೇಲಿಂದ ಒಂದು ಹೂವನ್ನೂ ಅತ್ತೆ ಮುಟ್ಟಗೊಡುವುದಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಗಂಡನಿಗೆ ಇದು ಕಂಡಿಲ್ಲ.

ಆದರೆ ಪದ್ಧತಿ ಪುರಾವೆಯಾಗುವುದಿಲ್ಲ. ಕಥೆಯ ಮನೆಯೊಡತಿ ಪದ್ಧತಿ ಮುರಿದು ಶುಕ್ರವಾರವೇ ತೆಗೆದಳು ಎಂದು ಅವರು ಹೇಳಿದರೆ ನನ್ನ ಬಾಯಿ ಬಂದ್. ಅದನ್ನು ಹೇಳಬೇಕಾದವಳು ಮನೆಯೊಡತಿಯೇ. ಆ ಮನೆಯೊಡತಿ ಅವರ ಕಡೆಯ ಸಾಕ್ಷಿ, ಅವರ ತಾಯಿ, ಅವರೇ ಪಾಠ ಹೇಳಿ ತಯಾರು ಮಾಡಿದವರು. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಪಾಟೀಸವಾಲಿನಲ್ಲಿ ಕೇಳಬೇಡಿ ಎಂದು ಕಾಲೇಜಿನ ಮೇಷ್ಟ್ರು ಬಡಿದುಕೊಳ್ಳುತ್ತಿದ್ದರು. ನನಗೆ ಉತ್ತರ ಗೊತ್ತಿತ್ತೇ? ಅತ್ತೆಯೊಳಗಿನ ನಟಿ ಮಾತಾಡಿದರೆ ನಾನು ಮುಳುಗಿದೆ. ಅತ್ತೆಯೇ ಮಾತಾಡಿದರೆ ಗೆದ್ದೆ. ಅದನ್ನು ಪರೀಕ್ಷಿಸುವ ದಾರಿಯೂ ಇರಲಿಲ್ಲ, ಮನೆಯಲ್ಲಿ ಕೇಸಿನ ಮಾತು ಆಡಕೂಡದೆಂದು ಒಪ್ಪಂದವಾಗಿತ್ತು.

ಆ ಭಾನುವಾರ ಬೆಳಗಿನ ಮಂಜು ಹರಿದು ಒಳ್ಳೆಯ ಬಿಸಿಲು ಬಿದ್ದಿತ್ತು. ಆದರೂ ಸಮುದಾಯ ಭವನದೊಳಗೆ ಎಲ್ಲರೂ ಶಾಲು ಸ್ವೆಟರುಗಳಲ್ಲಿ ಮುದುಡಿ ಕೂತಿದ್ದರು. ನ್ಯಾಯಾಧೀಶರು ಮಫ್ಲರ್ ಸುತ್ತಿಕೊಂಡೇ ಪೀಠವೇರಿದರು. ಗಂಡ ಒಂದೊಂದೇ ಚೀಟಿ ಎತ್ತಿದರು. ಹಬ್ಬದ ದಿನ ಯಾರಿಗೂ ಹೇಳದೆ ಹೊರಟಳು, ಕೈಯಲ್ಲಿ ಗಂಟು, ನೇರ ಸ್ಟೇಷನ್ನು. ನಿರಪರಾಧಿ ಹೀಗೆ ಓಡುತ್ತಾಳೆಯೇ ಎಂದು ಅವರು ಕೇಳಿದಾಗ ಮಹಾಜನರು ತಲೆದೂಗಿದರು. ಕಟಕಟೆಯಲ್ಲಿದ್ದ ಮಗಳ ಮುಖ ನಿಜವಾಗಿಯೂ ಸಣ್ಣಗಾಗಿತ್ತು. ಓಡಿದ್ದು ಶುಕ್ರವಾರ ಸಂಜೆ, ಬೇಕಾದರೆ ಚೌಕಿದಾರನನ್ನು ಕೇಳಿ ಎಂದು ಗಂಡ ಮತ್ತೆ ಮತ್ತೆ ಒತ್ತಿ ಹೇಳಿದರು. ಅವರು ಹೇಳಿದಷ್ಟೂ ನನಗೆ ಒಳಗೊಳಗೇ ಸಂತೋಷವಾಗುತ್ತಿತ್ತು. ನಾನು ಚೌಕಿದಾರನಿಗೆ ಒಂದು ಪ್ರಶ್ನೆಯನ್ನೂ ಹಾಕಲಿಲ್ಲ, ಆತ ಹೇಳಿದ್ದೆಲ್ಲ ಒಪ್ಪಿಗೆ ಎಂದು ಎದ್ದು ಹೇಳಿ ಕೂತೆ. ಹಿಂದಿನ ಸಾಲಿನಲ್ಲಿ ಯಾರೋ ‘ಪಾಪ’ ಎಂದದ್ದು ಕೇಳಿಸಿತು.

ಕೊನೆಗೆ ಅತ್ತೆ ಬಂದರು. ರೇಷ್ಮೆ ಸೀರೆ, ಮುಡಿಯಲ್ಲಿ ಹೂವು, ಕಳವಾದ ಸರಕ್ಕೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವ ಅಭಿನಯ. ಚಪ್ಪಾಳೆಯೇ ಬಿತ್ತು. ನಾನೆದ್ದಾಗ ಮಾತ್ರ ಸೊಸೆಯನ್ನು ನೋಡುವಂತೆ ನೋಡಿದರು.

ನಾನು ಸರದ ಹತ್ತಿರ ಹೋಗಲೇ ಇಲ್ಲ. ಪೂಜೆಯನ್ನು ಕೇಳಿದೆ. ಮಾವಿನೆಲೆ, ಬಾಳೆಕಂದು, ವೀಳ್ಯದೆಲೆ ಈ ಊರಲ್ಲಿ ಹೇಗೆ ಹೊಂದಿಸಿದಿರಿ ಎಂದೆ. ಐಎನ್ಎ ಮಾರ್ಕೆಟ್ಟಿಗೆ ಬೆಳಿಗ್ಗೆಯೇ ಹೋಗಿ ತಂದೆ ಎಂದರು. ಶಾಸ್ತ್ರದಲ್ಲಿ ಏನಾದರೂ ಬಿಟ್ಟಿರಾ ಎಂದೆ. ಅತ್ತೆಯ ಬೆನ್ನು ನೆಟ್ಟಗಾಯಿತು. ಒಂದನ್ನೂ ಬಿಟ್ಟಿಲ್ಲ ಎಂದು ಸಭೆಯ ಕಡೆಗೇ ತಿರುಗಿ ಹೇಳಿದರು. ಸಂಜೆ ಮುತ್ತೈದೆಯರನ್ನು ಕುಂಕುಮಕ್ಕೆ ಕರೆದಿದ್ದಿರಾ ಎಂದೆ. ಕರೆಯದೆ ಇರುತ್ತಾರೆಯೇ ಎಂದು ನನ್ನನ್ನೇ ಗದರಿದರು. ಎದುರು ಸಾಲುಗಳಲ್ಲಿ ವರ್ಷವರ್ಷವೂ ನಮ್ಮ ಮನೆಗೆ ಕುಂಕುಮಕ್ಕೆ ಬರುವ ಹೆಂಗಸರೆಲ್ಲ ಕೂತಿದ್ದರು.

“ಹಾಗಾದ್ರೆ ಹೇಳಿ ಅಮ್ಮ, ದೇವಿ ಕೊರಳಿಂದ ಸರ ತೆಗೆದದ್ದು ಯಾವಾಗ?”

ಅತ್ತೆ ಮಗನ ಕಡೆ ನೋಡಿದರು. ಮಗ ಕಣ್ಣಲ್ಲೇ ಏನೋ ಹೇಳಿದರು. ಗಂಡ ಎದ್ದು ಆಕ್ಷೇಪಣೆ ಎಂದರು, ಇದು ಕಾಗದದಲ್ಲಿಲ್ಲ ಎಂದರು. ಇಲ್ಲದ್ದಕ್ಕೆ ಸಾಕ್ಷಿ ಉತ್ತರಿಸಬಹುದು ಎಂದು ನ್ಯಾಯಾಧೀಶರು ತಾವೇ ಮಾಡಿದ ನಿಯಮ ನೆನಪಿಸಿದರು. ಆಗ ಗಂಡ ತಾಳ್ಮೆ ಕಳೆದುಕೊಂಡು, ಸಾಕ್ಷಿಗೆ ನೇರವಾಗಿಯೇ, ಶುಕ್ರವಾರ ಸಂಜೆ ಆರತಿ ಆದ ಮೇಲೆ ತೆಗೆದೆ ಅಂತ ಹೇಳಮ್ಮ ಎಂದುಬಿಟ್ಟರು.

ಅಲ್ಲಿಗೆ ನಾಟಕ ಮುಗಿಯಿತು.

“ಏನೋ ಹಾಗಂದ್ರೆ? ಕುಂಕುಮಕ್ಕೆ ಬಂದೋರು ತಾಯಿ ಬೋಳು ಕೊರಳು ನೋಡ್ಕೊಂಡು ಹೋಗ್ಲಾ? ಕಲಶ ಕದಲಿಸೋ ಮುಂಚೆ ಒಡವೆ ಮುಟ್ಟೋ ಪೈಕಿ ಅಲ್ಲ ನಾನು. ಶನಿವಾರ ಬೆಳಿಗ್ಗೆ ಕದಲಿಸಿ, ಆಮೇಲೆ ನನ್ನ ಕೈಯಾರೆ ತೆಗೆದು ಬೀರುವಲ್ಲಿಟ್ಟದ್ದು. ನೀನು ಮಲಗಿದ್ದೆ, ನಿನಗೇನು ಗೊತ್ತು?”

ಹೆಂಗಸರ ಸಾಲಿನಿಂದ ಎದ್ದ ನಗು ಚಪ್ಪಾಳೆಯಾಗಿ ಹಾಲ್ ತುಂಬಿತು. ನ್ಯಾಯಾಧೀಶರು ಮೇಜು ಕುಟ್ಟಿದರೂ ನಿಲ್ಲಲಿಲ್ಲ. ಗದ್ದಲ ಇಳಿಯುವವರೆಗೆ ಕಾದು ವಾದಕ್ಕೆ ನಿಂತೆ. ಅಷ್ಟು ಸ್ಪಷ್ಟವಾಗಿ ನಾನು ಜೀವನದಲ್ಲಿ ಎಂದೂ ಮಾತಾಡಿರಲಿಲ್ಲ.

ನನ್ನ ವಾದ ಚಿಕ್ಕದು ಎಂದೆ. ಸರ ಬೀರುವಿಗೆ ಹೋದದ್ದು ಶನಿವಾರ ಬೆಳಿಗ್ಗೆ, ಇದನ್ನು ಹೇಳಿದವರು ಸರ್ಕಾರಿ ವಕೀಲರ ಸಾಕ್ಷಿ. ಹುಡುಗಿ ಗೇಟು ದಾಟಿದ್ದು ಶುಕ್ರವಾರ ಸಂಜೆ, ವಾರದವರೆಗೆ ಬರಲಿಲ್ಲ, ಇದನ್ನು ಹೇಳಿದವನೂ ಅವರದೇ ಸಾಕ್ಷಿ. ಬೀರುವಿನೊಳಗೆ ಇನ್ನೂ ಇಡದ ಸರವನ್ನು, ರೈಲಿನಲ್ಲಿ ಕೂತವಳು, ಬೀರುವಿನೊಳಗಿಂದ ಕದಿಯುವುದು ಹೇಗೆ? ಅವಳ ಓಟವೇ ಅಪರಾಧಕ್ಕೆ ಪುರಾವೆ ಎಂದರು ಅವರು. ಅವಳ ನಿರಪರಾಧಿತ್ವಕ್ಕೆ ನನ್ನ ಬಳಿ ಇರುವ ಪುರಾವೆಯೂ ಅದೇ ಓಟ, ಅದನ್ನು ಅಷ್ಟು ಕಷ್ಟಪಟ್ಟು ಸಾಬೀತು ಮಾಡಿಕೊಟ್ಟದ್ದಕ್ಕೆ ಧನ್ಯವಾದ ಎಂದೆ. ಮತ್ತೆ ಕದ್ದವರು ಯಾರು ಎಂದು ನ್ಯಾಯಾಧೀಶರು ಕೇಳಿದರು. ಅದನ್ನು ಹುಡುಕುವುದು ಪೊಲೀಸರ ಕೆಲಸ, ಕದಿಯದವಳನ್ನು ಬಿಡಿಸುವುದಷ್ಟೇ ನನ್ನ ಕೆಲಸ ಎಂದೆ.

ಅವರು ಬಹಳ ಹೊತ್ತು ಕಾಗದ ತಿರುವಿದರು. ಆಮೇಲೆ ಕನ್ನಡಕ ತೆಗೆದು, ಈ ಕೇಸಿಗೆ ತಾವು ಇಟ್ಟಿದ್ದ ಉತ್ತರವೇ ಬೇರೆ, ಬೀಗದ ಕೈಯ ಸುತ್ತ ಇತ್ತು, ಇದರ ಮುಂದೆ ಅದು ಬರೀ ಮಕ್ಕಳಾಟ ಎಂದರು. ಆರೋಪಿಯನ್ನು ಖುಲಾಸೆ ಮಾಡಿದರು. ಸಂಶಯದ ಲಾಭ ಕೊಟ್ಟಲ್ಲ, ಪೂರ್ತಿ ನಿರಪರಾಧಿ ಎಂದು ಬಿಡಿಸಿ ಹೇಳಿದರು. ಮಗಳು ಕಟಕಟೆಯಿಂದ ಹಾರಿ ಬಂದು ಅಪ್ಪಿಕೊಂಡಳು. ನನಗೆ ಅಳು ಬಂತು. ಸುಮ್ಮನೆ ಹನಿಗಣ್ಣಾಗಲಿಲ್ಲ, ಎಲ್ಲರೆದುರು ಗೊಳೋ ಎಂದು ಅತ್ತುಬಿಟ್ಟೆ, ನಾಚಿಕೆಯೂ ಆಗಲಿಲ್ಲ.

ಆಟೋದಲ್ಲಿ ಮನೆಗೆ ಬರುವಾಗ ಗಂಡ ಡ್ರೈವರ್ ಪಕ್ಕದಲ್ಲಿ ಒತ್ತರಿಸಿಕೊಂಡು ಕೂತಿದ್ದರು. ಈ ಮನುಷ್ಯ ಈಗ ತಮಾಷೆಗೆ ಹೇಳಿದ್ದು ಎಂದುಬಿಟ್ಟರೆ ಏನು ಮಾಡಲಿ ಎಂದು ನನಗೆ ಯೋಚನೆ ಹತ್ತಿತ್ತು. ಗೆದ್ದದ್ದು ಅಣಕು ಕೋರ್ಟಿನಲ್ಲಿ, ಬೇಕಾಗಿದ್ದದ್ದು ನಿಜವಾದ ಕೋರ್ಟು. ಮನೆ ತಲುಪಿ, ಶೂ ಬಿಚ್ಚುತ್ತಾ, ಈ ವಾರ ಆಫೀಸಿನಲ್ಲಿ ತುಂಬಾ ಕೆಲಸವಿದೆ ಎಂದು ಅವರು ಯಾರಿಗೋ ಹೇಳುವ ಹಾಗೆ ಹೇಳಿದರು. ನನಗಿಂತ ಮೊದಲು ಅತ್ತೆಯೇ ಬಾಯಿ ಹಾಕಿದರು.

“ಇರಲಿ ಬಿಡು, ಎಲ್ರಿಗೂ ಕೆಲಸ ಇರತ್ತೆ. ಮಾತು ಕೊಟ್ಟವನು ನೀನು, ಕೇಳಿಸ್ಕೊಂಡೋಳು ನಾನು. ಇನ್ನೊಂದು ಸಲ ಸಾಕ್ಷಿ ಹೇಳ್ಲಾ?”

ಗಂಡ ಶೂ ಹಿಡಿದುಕೊಂಡೇ ನಕ್ಕರು. ಆ ನಗು ನನಗೆ ಹಿಡಿಸಿತು.

ಅವರು ರಜ ಹಾಕಿದರು. ವಕೀಲರ ಪರಿಷತ್ತಿನ ಕಚೇರಿಯಲ್ಲಿ, ಆಗತಾನೇ ಕಾಲೇಜು ಮುಗಿಸಿದ ಹುಡುಗ ಹುಡುಗಿಯರ ಉದ್ದ ಸಾಲಿನಲ್ಲಿ ನಾವಿಬ್ಬರು ನಡುವಯಸ್ಸಿನವರು ನಿಂತೆವು. ನನ್ನ ಕೈಚೀಲ ಅವರ ಹೆಗಲಲ್ಲಿತ್ತು. ಕಿಂಡಿಯ ಗುಮಾಸ್ತ ಅವರ ಮುಖ ನೋಡಿ, ಹೆಸರು ಬರೆಸುವುದು ನಿಮ್ಮದಾ ಎಂದು ಹಿಂದಿಯಲ್ಲಿ ಕೇಳಿದ. ಅವರು ಒಂದು ಹೆಜ್ಜೆ ಹಿಂದೆ ಸರಿದು ನನ್ನನ್ನು ಮುಂದೆ ಬಿಟ್ಟರು.

“ವಕೀಲರು ಇವರು, ಭಯ್ಯಾ. ನಾನು ಇವರ ಎದುರು ಕೇಸು ಸೋತವನು.”